ಕಮ್ಯುನಿಟಿ ಕಾಲೇಜಿನ ಬಡ ವಿದ್ಯಾರ್ಥಿಯನ್ನು ವಿದೇಶಕ್ಕೆ ಓದಲು ಕಳಿಸುವುದು ಹೇಗೆ: ಮೊದಲ ಮಾತಿನಿಂದ ವಾಪಸ್ ಬರುವವರೆಗೆ ಒಂದು ಸಮಗ್ರ ಮಾರ್ಗದರ್ಶಿ

ಅಮೆರಿಕದಲ್ಲಿ ಡಿಗ್ರಿಗೆ ಓದುತ್ತಿರುವವರಲ್ಲಿ ಸುಮಾರು ಮೂರನೇ ಒಂದು ಪಾಲು ಜನ ಕಮ್ಯುನಿಟಿ ಕಾಲೇಜುಗಳಲ್ಲಿ, ಅಂದರೆ ಕಡಿಮೆ ಶುಲ್ಕದ ಎರಡು ವರ್ಷದ ಸರ್ಕಾರಿ ಕಾಲೇಜುಗಳಲ್ಲಿದ್ದಾರೆ. ಆದರೆ ಒಂದು ಬೇಸಿಗೆಯೋ ಒಂದು ಸೆಮಿಸ್ಟರೋ ಬೇರೆ ದೇಶದಲ್ಲಿ ಓದಿ ಬರುವ ಅಮೆರಿಕದ ವಿದ್ಯಾರ್ಥಿಗಳ ಲೆಕ್ಕ ನೋಡಿ, ಅಲ್ಲಿ ಇವರು ನೂರಕ್ಕೆ ಬೆರಳೆಣಿಕೆಯಷ್ಟು ಮಾತ್ರ. ಯಾಕೆ ಅಂತ ಕೇಳಿದರೆ ಎಲ್ಲರದ್ದೂ ಒಂದೇ ಉತ್ತರ: ದುಡ್ಡಿಲ್ಲ.

ಅದು ಅರ್ಧ ಸತ್ಯ. ದುಡ್ಡು ಇದೆ. ಬಡ ವಿದ್ಯಾರ್ಥಿಗಳಿಗೆ ಫೆಡರಲ್ ಸರ್ಕಾರ ಕೊಡುವ ಪೆಲ್ ಗ್ರಾಂಟ್ ಇದೆ, ವಿದೇಶದ ಓದಿಗೆ ಅಂತಲೇ ಇರುವ ಗಿಲ್ಮನ್ ಸ್ಕಾಲರ್‌ಶಿಪ್ ಇದೆ, ದಾನದ ಹಣ ನೋಡಿಕೊಳ್ಳುವ ಕಾಲೇಜಿನ ಫೌಂಡೇಶನ್ ಇದೆ. ಆದರೆ ಆ ದುಡ್ಡು ಬರುವ ತಾರೀಖಿಗೂ ಕಟ್ಟಬೇಕಾದ ತಾರೀಖಿಗೂ ತಾಳೆಯಾಗುವುದಿಲ್ಲ. ಬೇಸಿಗೆ ಕಾರ್ಯಕ್ರಮಕ್ಕೆ ಮುಂಗಡ ಕೇಳುವುದು ಫೆಬ್ರವರಿಯಲ್ಲಿ, ನೆರವಿನ ಹಣ ಕೈಗೆ ಸಿಗುವುದು ಜೂನ್ ಹತ್ತಿರ. ಮನೆಯಲ್ಲಿ ಅನುಕೂಲ ಇರುವವರು ಅಪ್ಪನ ಕ್ರೆಡಿಟ್ ಕಾರ್ಡಿನಲ್ಲಿ ಕಟ್ಟಿ ಆರಾಮಾಗಿರುತ್ತಾರೆ. ಇಲ್ಲದವರು ಆ ನಡುವಿನ ತಿಂಗಳುಗಳಲ್ಲಿ ಸುಮ್ನೆ ಹೆಸರು ವಾಪಸ್ ತೆಗೆದುಕೊಳ್ಳುತ್ತಾರೆ, ಯಾರಿಗೂ ಕಾರಣ ಹೇಳುವುದಿಲ್ಲ. ಹಾಗಾಗಿ ಈ ಮಾರ್ಗದರ್ಶಿಯ ಉದ್ದಕ್ಕೂ ನಾನು "ಎಷ್ಟು" ಅನ್ನುವುದಕ್ಕಿಂತ ಜಾಸ್ತಿ "ಯಾವತ್ತು" ಅಂತ ಕೇಳುತ್ತಾ ಹೋಗುತ್ತೇನೆ.

ಇದು ಅಮೆರಿಕದಲ್ಲಿರುವ ಕನ್ನಡಿಗರಿಗಾಗಿ. ನಿಮ್ಮಲ್ಲಿ ಕೆಲವರು ಈ ಕಾಲೇಜುಗಳಲ್ಲಿ ಪಾಠ ಮಾಡುತ್ತೀರಿ, ಕೌನ್ಸೆಲರ್ ಆಗಿದ್ದೀರಿ, ವಾರಾಂತ್ಯದಲ್ಲಿ ಮಕ್ಕಳಿಗೆ ಮಾರ್ಗದರ್ಶನ ಮಾಡುತ್ತೀರಿ, ದಾನ ಕೊಡುತ್ತೀರಿ. ನಮ್ಮವರಲ್ಲಿ ಕಮ್ಯುನಿಟಿ ಕಾಲೇಜು ಅಂದರೆ ಮೂಗು ಮುರಿಯುವವರು ಇನ್ನೂ ಇದ್ದಾರೆ, ದಯವಿಟ್ಟು ಅದನ್ನು ಬಿಡಿ. 1901ರಲ್ಲಿ ಇಲಿನಾಯ್‌ನ ಜೋಲಿಯೆಟ್‌ನಲ್ಲಿ ಶುರುವಾದ ಈ ಕಾಲೇಜುಗಳ ಬಾಗಿಲು ಇವತ್ತಿಗೂ ಎಲ್ಲರಿಗೂ ತೆರೆದಿದೆ. ಕ್ಯಾಲಿಫೋರ್ನಿಯಾ ಒಂದರಲ್ಲೇ 116 ಇವೆ. ಕ್ಯುಪರ್ಟಿನೊದಲ್ಲಿ ಡಿ ಆನ್ಜಾ, ಫ್ರೀಮಾಂಟ್‌ನಲ್ಲಿ ಓಲೋನಿ, ನಮ್ಮ ಜನ ದಟ್ಟವಾಗಿರುವ ಊರುಗಳಲ್ಲೇ ಇವೆ. ಅಲ್ಲಿಗೆ ಬರುವವರಲ್ಲಿ ರಾತ್ರಿ ಪಾಳಿ ಮುಗಿಸಿ ಬೆಳಗಿನ ಕ್ಲಾಸಿಗೆ ಕೂರುವವರಿದ್ದಾರೆ, ಮಗುವನ್ನು ಅಮ್ಮನ ಹತ್ತಿರ ಬಿಟ್ಟು ಬರುವವರಿದ್ದಾರೆ, ಮನೆತನದಲ್ಲೇ ಮೊದಲ ಬಾರಿಗೆ ಕಾಲೇಜಿನ ಮೆಟ್ಟಿಲು ಹತ್ತಿದವರಿದ್ದಾರೆ. ನನ್ನ ಉದಾಹರಣೆಗಳು ಹೆಚ್ಚಾಗಿ ಕ್ಯಾಲಿಫೋರ್ನಿಯಾದವು. ಫೆಡರಲ್ ನಿಯಮಗಳು ಎಲ್ಲ ರಾಜ್ಯಕ್ಕೂ ಒಂದೇ.

ಹೆಜ್ಜೆ 1: ಅವರು ಬಂದು ಕೇಳಲಿ ಅಂತ ಕಾಯಬೇಡಿ

ಗೋಡೆಗೆ ಪೋಸ್ಟರ್ ಅಂಟಿಸಿದರೆ ಬರುವವರು ಮೊದಲೇ ಪಾಸ್‌ಪೋರ್ಟ್ ಇರುವವರು. ಐಫೆಲ್ ಟವರಿನ ಚಿತ್ರ ನೋಡಿದ ಬಡ ವಿದ್ಯಾರ್ಥಿ "ಇದು ನನಗಲ್ಲ" ಅಂತ ಮುಂದೆ ಹೋಗುತ್ತಾನೆ. ಅವನನ್ನು ನೀವೇ ಹುಡುಕಿಕೊಂಡು ಹೋಗಬೇಕು.

ಎಲ್ಲಿ ಹುಡುಕುವುದು? ಕ್ಯಾಲಿಫೋರ್ನಿಯಾದಲ್ಲಾದರೆ ಮೊದಲು ಇಒಪಿಎಸ್ ಕಚೇರಿ. ಬಡತನ, ಓದಿನಲ್ಲಿ ಹಿಂದುಳಿಯುವಿಕೆ ಎರಡೂ ಇರುವವರಿಗಾಗಿ 1969ರಿಂದ ನಡೆಯುತ್ತಿರುವ ಸರ್ಕಾರಿ ಕಾರ್ಯಕ್ರಮ ಅದು. ಆಮೇಲೆ ಹೆಚ್ಚಾಗಿ ಲ್ಯಾಟಿನೊ ವಿದ್ಯಾರ್ಥಿಗಳಿಗೆ ನೆರವಾಗುವ ಪುವೆಂಟೆ, 1981ರಲ್ಲಿ ಹೇವರ್ಡ್‌ನ ಶಬೋ ಕಾಲೇಜಿನಲ್ಲಿ ಹುಟ್ಟಿದ್ದು. ಕಪ್ಪು ವಿದ್ಯಾರ್ಥಿಗಳ ಜೊತೆ ನಿಲ್ಲುವ ಉಮೋಜಾ, ಬಡವರಿಗೆ ಮತ್ತು ಮನೆತನದಲ್ಲೇ ಮೊದಲು ಕಾಲೇಜಿಗೆ ಬಂದವರಿಗೆ ನೆರವಾಗುವ ಫೆಡರಲ್ ಸರ್ಕಾರದ ಟ್ರಿಯೊ, ಅಂಗವಿಕಲ ವಿದ್ಯಾರ್ಥಿಗಳ ಕಚೇರಿ, ಫಾಸ್ಟರ್ ಕೇರ್‌ನಲ್ಲಿ ಅಂದರೆ ಸರ್ಕಾರ ಒಪ್ಪಿಸಿದ ಬೇರೆಯವರ ಮನೆಗಳಲ್ಲಿ ಬೆಳೆದವರ ಗುಂಪು. ಇಲ್ಲಿನ ಕೌನ್ಸೆಲರ್‌ಗಳ ಮೇಲೆ ವಿದ್ಯಾರ್ಥಿಗಳಿಗೆ ನಂಬಿಕೆ ಇರುತ್ತದೆ. ನಿಮ್ಮ ಮಾತನ್ನು ಅವರ ಬಾಯಿಂದ ಹೇಳಿಸಿ.

ವೃತ್ತಿ ಕೋರ್ಸಿನ ಕ್ಲಾಸುಗಳನ್ನು ಮರೆಯಬೇಡಿ. ಕಾರು ರಿಪೇರಿ ಕಲಿಯುವವರನ್ನು, ನರ್ಸಿಂಗ್‌ನವರನ್ನು, ಮಕ್ಕಳ ಶಿಕ್ಷಣ ಓದುವವರನ್ನು ಯಾರೂ ಈ ವಿಷಯಕ್ಕೆ ಮಾತಾಡಿಸುವುದೇ ಇಲ್ಲ. ಆದರೆ ಅಂಗನವಾಡಿ ವಯಸ್ಸಿನ ಮಕ್ಕಳಿಗೆ ಕಲಿಸುವ ವಿಧಾನಕ್ಕೆ ಇಟಲಿಯ ರೆಜಿಯೊ ಎಮಿಲಿಯಾ ಊರು ಜಗತ್ತಿಗೇ ಹೆಸರುವಾಸಿ. ಕೆಲಸ ಮಾಡುತ್ತಲೇ ಕಲಿಯುವ ಜರ್ಮನಿಯ ಪದ್ಧತಿಯನ್ನು ನೋಡಲು ಎಲ್ಲೆಲ್ಲಿಂದಲೋ ಬರುತ್ತಾರೆ. ಆ ವಿದ್ಯಾರ್ಥಿಗಳಿಗೆ ಹೋಗಲು ಸಾಹಿತ್ಯ ಓದುವವರಿಗಿಂತ ಗಟ್ಟಿ ಕಾರಣ ಇದೆ ಅಲ್ವಾ? ನರ್ಸಿಂಗ್‌ನಲ್ಲಿ ಮಾತ್ರ ಒಂದು ತೊಡಕು. ಆಸ್ಪತ್ರೆಯ ತರಬೇತಿ ಒಂದರ ಹಿಂದೆ ಒಂದು ಸರಪಳಿಯಂತೆ ಬರುವುದರಿಂದ ಸೆಮಿಸ್ಟರ್ ಬಿಡಲು ಆಗುವುದಿಲ್ಲ. ಬೇಸಿಗೆ ಅಥವಾ ಜನವರಿಯ ಬಿಡುವನ್ನೇ ನೋಡಬೇಕು.

ಮಾತು ಶುರುಮಾಡುವಾಗ ಕಾರ್ಯಕ್ರಮದ ಬೆಲೆ ಹೇಳಬೇಡಿ. "ನಿಮಗೆ ಪೆಲ್ ಗ್ರಾಂಟ್ ಬರುತ್ತಾ? ಹಾಗಾದರೆ ಪೆಲ್ ಬರುವವರಿಗೆ ಅಂತಲೇ ಮೀಸಲಿಟ್ಟ ಇನ್ನೊಂದು ಸ್ಕಾಲರ್‌ಶಿಪ್ ಇದೆ, ಹತ್ತು ನಿಮಿಷ ಕೂರೋಣವಾ?" ಇಷ್ಟು ಸಾಕು. ಹೆಸರು ಹಿಡಿದು ಕೇಳಿ. ಮೂವತ್ತು ಜನರ ಕ್ಲಾಸಿಗೆ ಮಾಡಿದ ಪ್ರಕಟಣೆಗಿಂತ ಒಬ್ಬರನ್ನು ಪಕ್ಕಕ್ಕೆ ಕರೆದು "ನೀವು ಇದಕ್ಕೆ ಹಾಕಬೇಕು" ಅಂದ ಮಾತು ಹೆಚ್ಚು ಕೆಲಸ ಮಾಡುತ್ತದೆ.

ಹೆಜ್ಜೆ 2: ದೇಶ ಆರಿಸುವ ಮೊದಲೇ ಪಾಸ್‌ಪೋರ್ಟ್

ಎಲ್ಲರೂ ಇದನ್ನು ಕೊನೆಗೆ ಇಡುತ್ತಾರೆ. ನೀವು ಮೊದಲು ಇಡಿ.

ಮೊದಲ ಸಲ ಪಾಸ್‌ಪೋರ್ಟ್ ಮಾಡಿಸುವವರು ಡಿಎಸ್-11 ಫಾರ್ಮ್ ತುಂಬಿ ಖುದ್ದಾಗಿ ಹೋಗಬೇಕು, ಹೆಚ್ಚಾಗಿ ಅಂಚೆ ಕಚೇರಿಗೆ. ಶುಲ್ಕ 130 ಡಾಲರ್, ಅರ್ಜಿ ತೆಗೆದುಕೊಳ್ಳುವ ಕಚೇರಿಗೆ 35 ಡಾಲರ್, ಒಟ್ಟು 165. ಫೋಟೋ ಬೇರೆ, ಬೇಗ ಬೇಕು ಅಂದರೆ ಮೇಲೆ 60. ಮೂಲ ಜನನ ಪ್ರಮಾಣಪತ್ರ ಬೇಕು, ಹುಟ್ಟಿನಿಂದ ಪ್ರಜೆ ಅಲ್ಲದವರಿಗೆ ಪೌರತ್ವದ ಮೂಲ ಪತ್ರ. ಫಾಸ್ಟರ್ ಕೇರ್‌ನಲ್ಲಿ ಬೆಳೆದವರ ಹತ್ತಿರ, ಪದೇ ಪದೇ ಮನೆ ಬದಲಿಸಿದವರ ಹತ್ತಿರ ಈ ಕಾಗದ ಇರುವುದೇ ಇಲ್ಲ. ಹುಟ್ಟಿದ ಕೌಂಟಿಗೆ ಬರೆದು ತರಿಸಿಕೊಳ್ಳಲು ವಾರಗಟ್ಟಲೆ ಹಿಡಿಯುತ್ತದೆ. ಅದಕ್ಕೇ ಮೊದಲು ಅಂದಿದ್ದು.

ಯಾರೂ ಹೇಳದ ಇನ್ನೊಂದು ವಿಷಯ. ಮಕ್ಕಳ ಪೋಷಣೆಗೆ ಕೋರ್ಟ್ ಹೇಳಿದ ಹಣ 2,500 ಡಾಲರಿಗಿಂತ ಹೆಚ್ಚು ಬಾಕಿ ಇದ್ದರೆ ಪಾಸ್‌ಪೋರ್ಟ್ ಕೊಡುವುದಿಲ್ಲ. ಕಮ್ಯುನಿಟಿ ಕಾಲೇಜಿನಲ್ಲಿ ವಯಸ್ಸಾದ ವಿದ್ಯಾರ್ಥಿಗಳು, ತಂದೆಯಾದವರು ಬಹಳ. ಮುಂಗಡ ಕಟ್ಟಿದ ಮೇಲೆ ಇದು ಗೊತ್ತಾದರೆ ದುಡ್ಡೂ ಹೋಯಿತು, ಮಾನವೂ ಹೋಯಿತು. ಮೊದಲೇ, ಒಬ್ಬರೇ ಇದ್ದಾಗ, ಮೆತ್ತಗೆ ಕೇಳಿ.

ಕೈಯಲ್ಲಿ ಪಾಸ್‌ಪೋರ್ಟ್ ಬಂದ ಮೇಲೆ ವಿದ್ಯಾರ್ಥಿಯ ಮುಖವೇ ಬೇರೆ. "ಹೋಗಬಹುದಾ" ಅನ್ನುತ್ತಿದ್ದವರು "ಎಲ್ಲಿಗೆ ಹೋಗಲಿ" ಅನ್ನಲು ಶುರುಮಾಡುತ್ತಾರೆ. ಐಐಇ, ಸಿಐಇಇ ತರಹದ, ವಿದೇಶದ ಓದಿಗೆ ನೆರವಾಗುವ ಸಂಸ್ಥೆಗಳು ಕಾಲೇಜುಗಳ ಮೂಲಕ ಉಚಿತ ಪಾಸ್‌ಪೋರ್ಟ್ ಮಾಡಿಸಿಕೊಟ್ಟಿದ್ದೂ ಇದೆ. ನಿಮ್ಮ ಕಾಲೇಜಿಗೆ ಅಂಥದ್ದು ಇಲ್ಲದಿದ್ದರೆ ಲೆಕ್ಕ ಹಾಕಿ ನೋಡಿ: 20 ವಿದ್ಯಾರ್ಥಿಗಳಿಗೆ 165ರಂತೆ 3,300 ಡಾಲರ್. ನಾಲ್ಕು ಕನ್ನಡ ಕುಟುಂಬಗಳು ಸೇರಿದರೆ ಆಗುವ ಕೆಲಸ.

ಪ್ರಜೆಗಳಲ್ಲದವರ ದಾರಿ ಬೇರೆ, ಇಲ್ಲಿ ಅವಸರ ಬೇಡವೇ ಬೇಡ. ಗ್ರೀನ್ ಕಾರ್ಡ್ ಇರುವವರು ತಮ್ಮ ಮೂಲ ದೇಶದ ಪಾಸ್‌ಪೋರ್ಟಿನಲ್ಲೇ ಹೋಗುವುದರಿಂದ, ಜೊತೆಯವರಿಗೆ ವೀಸಾ ಬೇಡದ ದೇಶಕ್ಕೂ ಇವರಿಗೆ ವೀಸಾ ಬೇಕಾಗಬಹುದು. ನಿರಾಶ್ರಿತರಾಗಿ ಬಂದವರಿಗೆ ಐ-131 ಅರ್ಜಿಯ ಮೂಲಕ ಬೇರೆ ಪ್ರಯಾಣ ಪತ್ರ ಬೇಕು. ಚಿಕ್ಕಂದಿನಲ್ಲಿ ದಾಖಲೆ ಇಲ್ಲದೆ ಬಂದು ಈಗ ಡಾಕಾ ಎಂಬ ತಾತ್ಕಾಲಿಕ ರಕ್ಷಣೆ ಇರುವವರು ಓದಿನ ಕಾರಣಕ್ಕೆ ಅದೇ ಐ-131ರಲ್ಲಿ ಅಡ್ವಾನ್ಸ್ ಪರೋಲ್ (ಹೊರಗೆ ಹೋಗಿ ವಾಪಸ್ ಬರಲು ಮೊದಲೇ ಪಡೆಯುವ ಅನುಮತಿ) ಕೇಳಬಹುದು, ಆದರೆ ಅದು ಕೈಗೆ ಬಾರದೆ ದೇಶ ಬಿಟ್ಟರೆ ವಾಪಸ್ ಬರುವ ದಾರಿಯೇ ಮುಚ್ಚಿಹೋಗಬಹುದು. ಪತ್ರ ಇದ್ದರೂ ಗಡಿಯಲ್ಲಿ ಒಳಗೆ ಬಿಡುವ ಖಾತ್ರಿ ಯಾರೂ ಕೊಡುವುದಿಲ್ಲ. ಇಲ್ಲಿ ನಿಮ್ಮ ಉತ್ಸಾಹ ಮುಖ್ಯವಲ್ಲ, ವಲಸೆ ವಕೀಲರ ಮಾತೇ ಕೊನೆ. ಕ್ಯಾಲಿಫೋರ್ನಿಯಾದ ಹಲವು ಕಮ್ಯುನಿಟಿ ಕಾಲೇಜುಗಳಲ್ಲಿ ವಿದ್ಯಾರ್ಥಿಗಳಿಗೆ ಉಚಿತ ವಲಸೆ ಕಾನೂನು ಸಲಹೆ ಸಿಗುತ್ತದೆ. ಯಾರ ಹತ್ತಿರ ಯಾವ ಕಾಗದ ಇದೆ ಅಂತ ನಾಲ್ಕು ಜನರೆದುರು ಯಾವತ್ತೂ ಕೇಳಬೇಡಿ. ಇಮೇಲಿನಲ್ಲಿ ಬರೆದಿಡಲೂ ಬೇಡಿ.

ಹೆಜ್ಜೆ 3: ಕಾರ್ಯಕ್ರಮ ಆರಿಸುವುದು

ಕ್ರೆಡಿಟ್, ಅಂದರೆ ಡಿಗ್ರಿಯ ಲೆಕ್ಕಕ್ಕೆ ಸೇರುವ ಯೂನಿಟ್‌ಗಳು, ಸಿಗದ ಕಾರ್ಯಕ್ರಮವನ್ನು ಮುಟ್ಟಬೇಡಿ. ಕ್ರೆಡಿಟ್ ಇಲ್ಲ ಅಂದರೆ ಫೆಡರಲ್ ನೆರವೂ ಇಲ್ಲ. ಸಿಗುವ ಕ್ರೆಡಿಟ್ ಕೂಡ ಕೆಲಸಕ್ಕೆ ಬರಬೇಕು. ನಾಲ್ಕು ವರ್ಷದ ವಿಶ್ವವಿದ್ಯಾಲಯಕ್ಕೆ ವರ್ಗವಾಗಲು ಕಾಯುತ್ತಿರುವ ವಿದ್ಯಾರ್ಥಿಗೆ ಲೆಕ್ಕಕ್ಕಿಲ್ಲದ ಮೂರು ಯೂನಿಟ್ ಅಂದರೆ ಸಮಯವೂ ದಂಡ, ನೆರವೂ ದಂಡ. ಕ್ಯಾಲಿಫೋರ್ನಿಯಾದಲ್ಲಿ ಅಸಿಸ್ಟ್ ಜಾಲತಾಣದಲ್ಲಿ ಯಾವ ಕೋರ್ಸ್ ಎಲ್ಲಿಗೆ ನಡೆಯುತ್ತದೆ ಅಂತ ನೋಡಬಹುದು. 2025ರ ಶರತ್ಕಾಲದಿಂದ ಬಂದ ಕ್ಯಾಲ್-ಗೆಟ್ಸಿ ಪಟ್ಟಿಯಲ್ಲಿ (ರಾಜ್ಯದ ಸರ್ಕಾರಿ ವಿಶ್ವವಿದ್ಯಾಲಯಗಳು ಒಪ್ಪುವ ಸಾಮಾನ್ಯ ಕೋರ್ಸುಗಳ ಪಟ್ಟಿ) ಆ ಕೋರ್ಸ್ ಇದೆಯೇ ಅಂತಲೂ ನೋಡಿ.

ಮೊದಲ ಪ್ರಯಾಣಕ್ಕೆ ಕಾಲೇಜಿನ ಅಧ್ಯಾಪಕರೇ ಕರೆದುಕೊಂಡು ಹೋಗುವ ಕಾರ್ಯಕ್ರಮ ಒಳ್ಳೆಯದು. ಕ್ರೆಡಿಟ್ ನೇರವಾಗಿ ತಮ್ಮ ಕಾಲೇಜಿನದೇ, ಜೊತೆಗೆ ಪರಿಚಯದ ಒಂದು ಮುಖ. ನಿಮ್ಮ ಕಾಲೇಜಿನಲ್ಲಿ ಅಂಥದ್ದು ಇಲ್ಲದಿದ್ದರೆ ಅಕ್ಕಪಕ್ಕದ ಕಾಲೇಜಿನದಕ್ಕೆ ಸೇರಬಹುದು. ಹಾಗೆ ಮಾಡುವಾಗ ನೆರವಿನ ಹಣ ಕೊಡುವ ಕಾಲೇಜು ಯಾವುದು ಅನ್ನುವುದಕ್ಕೆ ಎರಡೂ ಕಾಲೇಜುಗಳ ನಡುವೆ ಒಪ್ಪಂದದ ಕಾಗದ ಆಗಬೇಕು, ಅದನ್ನು ಕನ್ಸಾರ್ಟಿಯಂ ಅಗ್ರಿಮೆಂಟ್ ಅನ್ನುತ್ತಾರೆ. ಸಹಿಗಳು ನಿಧಾನ. ಮೂರು ತಿಂಗಳು ಮೊದಲೇ ಹಿಂದೆ ಬೀಳಿ.

ಅವಧಿಯ ಬಗ್ಗೆ ನನ್ನದೊಂದು ಅಭಿಪ್ರಾಯ ಇದೆ. ಬಡ ವಿದ್ಯಾರ್ಥಿ ಅಂದರೆ ಅತಿ ಚಿಕ್ಕ ಕಾರ್ಯಕ್ರಮವೇ ಅಗ್ಗ ಅಂತ ಎಲ್ಲರೂ ತಿಳಿದಿರುತ್ತಾರೆ. ಒಟ್ಟು ಬೆಲೆ ಕಡಿಮೆ, ನಿಜ. ಆದರೆ ಹತ್ತು ದಿನದ ಪ್ರವಾಸಕ್ಕೆ ಗಿಲ್ಮನ್ ಸಿಗುವುದಿಲ್ಲ, ಪೆಲ್ ಚೂರು ಬರುತ್ತದೆ, ವಿಮಾನದ ಟಿಕೆಟ್ ಮಾತ್ರ ಪೂರ್ತಿ. ಕೆಲಸಕ್ಕೂ ಮನೆಗೂ ಹೊಂದುವುದಾದರೆ ನಾಲ್ಕೈದು ವಾರದ್ದೋ ಪೂರ್ತಿ ಸೆಮಿಸ್ಟರಿನದ್ದೋ ಜೇಬಿನಿಂದ ಹಾಕುವ ದುಡ್ಡಿನ ಲೆಕ್ಕದಲ್ಲಿ ಕೆಲವೊಮ್ಮೆ ಕಡಿಮೆಗೇ ಬರುತ್ತದೆ. ಎರಡನ್ನೂ ಪಕ್ಕಪಕ್ಕ ಬರೆದು ತೋರಿಸಿ, ಆಮೇಲೆ ವಿದ್ಯಾರ್ಥಿಯೇ ನಿರ್ಧಾರ ಮಾಡಲಿ.

ವಿದೇಶಾಂಗ ಇಲಾಖೆ ಪ್ರತಿ ದೇಶಕ್ಕೂ 1ರಿಂದ 4ರವರೆಗೆ ಅಪಾಯದ ಹಂತ ಕೊಡುತ್ತದೆ. ದೇಶ ಆರಿಸುವ ದಿನವೂ ಅದನ್ನು ನೋಡಿ, ದುಡ್ಡು ಕಟ್ಟುವ ದಿನವೂ ನೋಡಿ.

ಹೆಜ್ಜೆ 4: ನಿಜವಾದ ಖರ್ಚಿನ ಪಟ್ಟಿ

ಕಾರ್ಯಕ್ರಮದ ಹಾಳೆಯಲ್ಲಿ ಅಚ್ಚಾದ ಬೆಲೆ ನಿಜವಾದ ಬೆಲೆಯಲ್ಲ. ಅದರಲ್ಲಿ ಬಿಟ್ಟುಹೋಗುವ ಅತಿ ದೊಡ್ಡ ಖರ್ಚು ಕಳೆದುಕೊಳ್ಳುವ ಸಂಬಳ. ಗಂಟೆಗೆ 17 ಡಾಲರಿಗೆ ವಾರಕ್ಕೆ 25 ಗಂಟೆ ದುಡಿಯುವವರು ನಾಲ್ಕು ವಾರ ಹೋದರೆ 1,700 ಡಾಲರ್ ಖೋತಾ. ಆ ದುಡ್ಡಿನಿಂದಲೇ ಮನೆ ಬಾಡಿಗೆಯ ಒಂದು ಭಾಗ ಹೋಗುತ್ತಿರುತ್ತದೆ, ತಮ್ಮನ ಶಾಲೆಯ ಖರ್ಚು ಹೋಗುತ್ತಿರುತ್ತದೆ. ವಿದೇಶಕ್ಕೆ ಹೋದರೂ ಇಲ್ಲಿನ ಬಾಡಿಗೆ ನಿಲ್ಲುವುದಿಲ್ಲ, ಕಾರಿನ ಇನ್ಶೂರೆನ್ಸ್ ನಿಲ್ಲುವುದಿಲ್ಲ.

ವಿದ್ಯಾರ್ಥಿಯ ಜೊತೆ ಕೂತು ಒಂದು ಹಾಳೆಯಲ್ಲಿ ಬರೆಯಿರಿ. ಕಾರ್ಯಕ್ರಮದ ಶುಲ್ಕ, ವಿಮಾನ, ವೀಸಾ, ಪಾಸ್‌ಪೋರ್ಟ್, ಲಸಿಕೆ, ಆರೋಗ್ಯ ವಿಮೆ, ಅಲ್ಲಿನ ಊಟ, ಬಸ್ಸು, ಫೋನು, ಒಂದು ಗಟ್ಟಿ ಸೂಟ್‌ಕೇಸ್, ಚಳಿಯ ದೇಶವಾದರೆ ಕೋಟು, ಹೋಗುವ ಸಂಬಳ, ಇಲ್ಲಿ ಮುಂದುವರಿಯುವ ಖರ್ಚು, ಮಗು ಇದ್ದರೆ ನೋಡಿಕೊಳ್ಳುವವರಿಗೆ ಕೊಡುವುದು. ಪ್ರತಿ ಸಾಲಿನ ಮುಂದೆ ಎರಡು ಕಾಲಂ ಇರಲಿ: ಕಟ್ಟಬೇಕಾದ ದಿನ, ಅದಕ್ಕೆ ದುಡ್ಡು ಎಲ್ಲಿಂದ ಯಾವತ್ತು ಬರುತ್ತದೆ ಅನ್ನುವುದು. ಎರಡನೆಯ ದಿನ ಮೊದಲನೆಯದಕ್ಕಿಂತ ತಡ ಇರುವ ಸಾಲುಗಳಿಗೆ ಕೆಂಪು ಗೆರೆ ಎಳೆಯಿರಿ. ಮುಂದಿನ ಹೆಜ್ಜೆಗಳಲ್ಲಿ ನೀವು ಮಾಡುವುದೆಲ್ಲ ಆ ಕೆಂಪು ಗೆರೆಗಳನ್ನು ಅಳಿಸುವ ಕೆಲಸವೇ.

ಹೆಜ್ಜೆ 5: ಫೈನಾನ್ಶಿಯಲ್ ಏಡ್ ಕಚೇರಿ

ಇಲ್ಲಿ ಸ್ವಲ್ಪ ಹೊತ್ತು ನಿಲ್ಲೋಣ, ಯಾಕೆಂದರೆ ಗೆಲ್ಲುವುದೂ ಸೋಲುವುದೂ ಇಲ್ಲೇ.

ಕಾಲೇಜು ಒಪ್ಪಿದ, ಕ್ರೆಡಿಟ್ ಸಿಗುವ ವಿದೇಶಿ ಓದಿಗೆ ಫೆಡರಲ್ ನೆರವನ್ನು ಬಳಸಬಹುದು, ಆ ಓದು ಡಿಗ್ರಿಗೆ ಕಡ್ಡಾಯವಾಗಿರಬೇಕು ಅಂತೇನೂ ಇಲ್ಲ. 1992ರ ಉನ್ನತ ಶಿಕ್ಷಣ ತಿದ್ದುಪಡಿ ಕಾನೂನಿನಿಂದ ಇದು ಸ್ಪಷ್ಟವಾಗಿದೆ. ಅಪರೂಪಕ್ಕೆ ಕೌಂಟರಿನಲ್ಲಿ ಕೂತವರಿಗೇ ಇದು ಗೊತ್ತಿರುವುದಿಲ್ಲ. ಜಗಳ ಬೇಡ, ಮೇಲಿನ ಅಧಿಕಾರಿಯ ಹತ್ತಿರ ವಿನಯವಾಗಿ ಕೇಳಿ.

ಪೆಲ್ ಗ್ರಾಂಟಿನ ಗರಿಷ್ಠ ಮೊತ್ತ 2025-26ಕ್ಕೆ ವರ್ಷಕ್ಕೆ 7,395 ಡಾಲರ್. ಕಮ್ಯುನಿಟಿ ಕಾಲೇಜಿನವರಿಗೆ ಇಲ್ಲೊಂದು ದೊಡ್ಡ ಅನುಕೂಲ ಇದೆ, ಅದನ್ನು ಗಮನಿಸಿದವರು ಕಡಿಮೆ. ಕ್ಯಾಲಿಫೋರ್ನಿಯಾದಲ್ಲಿ ಯೂನಿಟ್ಟಿಗೆ ಬರೀ 46 ಡಾಲರ್ ಶುಲ್ಕ, ಬಡವರಿಗೆ ಪ್ರಾಮಿಸ್ ಗ್ರಾಂಟಿನಿಂದ ಅದೂ ಮಾಫಿ. ಅಂದರೆ ಪೆಲ್ ಹಣ ಶುಲ್ಕಕ್ಕೆ ಕರಗುವುದಿಲ್ಲ, ಬಹುಪಾಲು ವಿದ್ಯಾರ್ಥಿಯ ಕೈಗೇ ಬರುತ್ತದೆ. ದುಬಾರಿ ಖಾಸಗಿ ವಿಶ್ವವಿದ್ಯಾಲಯದಲ್ಲಿ ಓದುವ ಬಡ ವಿದ್ಯಾರ್ಥಿಗೆ ಈ ಅನುಕೂಲ ಇಲ್ಲ. ಗರಿಷ್ಠ ಪೆಲ್ ಬರುವವರಿಗೆ ಪೂರ್ತಿ ಸೆಮಿಸ್ಟರಿಗೆ ಸುಮಾರು 3,700 ಡಾಲರ್, ಅದರ ಮೇಲೆ ಗಿಲ್ಮನ್ ಸಿಕ್ಕಿದರೆ ದೊಡ್ಡ ಭಾರವೇ ಇಳಿಯುತ್ತದೆ.

ಕಚೇರಿಯಲ್ಲಿ ಕೇಳಲೇಬೇಕಾದ ಪ್ರಶ್ನೆಗಳು ಇವು. ವಿದ್ಯಾರ್ಥಿಯೇ ಕೇಳಲಿ, ನೀವು ಪಕ್ಕದಲ್ಲಿ ಕೂತಿರಿ.

"ವಿದೇಶದ ಖರ್ಚು ಸೇರಿಸಿ ನನ್ನ ಕಾಸ್ಟ್ ಆಫ್ ಅಟೆಂಡೆನ್ಸ್ ಹೆಚ್ಚಿಸುತ್ತೀರಾ?" ಇದು ಬಹಳ ಮುಖ್ಯ. ಓದಿನ ಒಟ್ಟು ಖರ್ಚು ಅಂತ ಕಾಲೇಜು ಒಂದು ಮಿತಿ ಹಾಕಿರುತ್ತದೆ. ಹೊರಗಿನ ಸ್ಕಾಲರ್‌ಶಿಪ್ ಬಂದು ಒಟ್ಟು ನೆರವು ಆ ಮಿತಿ ದಾಟಿದರೆ ಬೇರೆ ನೆರವನ್ನು ಕತ್ತರಿಸುತ್ತಾರೆ. ಕಷ್ಟಪಟ್ಟು ಗೆದ್ದ ಹಣ ಒಂದು ಕೈಯಲ್ಲಿ ಬಂದು ಇನ್ನೊಂದು ಕೈಯಲ್ಲಿ ಹೋದಂತಾಗುತ್ತದೆ. ಖರ್ಚಿನ ಪಟ್ಟಿ, ಕಾರ್ಯಕ್ರಮದ ಪತ್ರ ಎರಡನ್ನೂ ಕೊಟ್ಟು ಮಿತಿಯನ್ನು ಮೊದಲೇ ಏರಿಸಿಕೊಳ್ಳಿ.

"ಬೇಸಿಗೆಯ ಓದಿಗೆ ಪೆಲ್ ಉಳಿದಿದೆಯಾ?" ವರ್ಷದ ಪೆಲ್ ಪೂರ್ತಿ ಖರ್ಚಾಗಿದ್ದರೂ ಬೇಸಿಗೆಗೆ ಇನ್ನಷ್ಟು ಸಿಗುವ ನಿಯಮ 2017ರಲ್ಲಿ ಮತ್ತೆ ಬಂತು, ಒಟ್ಟು ಶೇಕಡ 150ರವರೆಗೆ. ಆದರೆ ಆ ಹೆಚ್ಚಿನ ಹಣಕ್ಕೆ ಕನಿಷ್ಠ ಅರ್ಧ ಹೊರೆಯಷ್ಟು, ಅಂದರೆ ಸಾಮಾನ್ಯವಾಗಿ 6 ಯೂನಿಟ್ ಓದಬೇಕು. ವಿದೇಶದ ಕಾರ್ಯಕ್ರಮದಲ್ಲಿ ಬರೀ 3 ಯೂನಿಟ್ ಇದ್ದರೆ ಜೊತೆಗೆ 3 ಯೂನಿಟ್ಟಿನ ಒಂದು ಆನ್‌ಲೈನ್ ಕೋರ್ಸ್ ಸೇರಿಸಿ. ಇಷ್ಟು ಸಣ್ಣ ಕೆಲಸಕ್ಕೆ ದೊಡ್ಡ ಮೊತ್ತದ ವ್ಯತ್ಯಾಸ ಆಗುತ್ತದೆ. ಪೆಲ್ಲಿಗೆ ಜೀವಮಾನದ ಮಿತಿಯೂ ಇದೆ, ಪೂರ್ತಿ ಹೊರೆಯ 12 ಸೆಮಿಸ್ಟರ್. ಮುಂದೆ ವಿಶ್ವವಿದ್ಯಾಲಯಕ್ಕೆ ಹೋಗುವವರು ಎಷ್ಟು ಉಳಿದಿದೆ ಅಂತ ನೋಡಿಕೊಂಡೇ ಬಳಸಲಿ.

"ಈ ಬೇಸಿಗೆಯನ್ನು ಯಾವ ವರ್ಷದ ಲೆಕ್ಕಕ್ಕೆ ಹಾಕುತ್ತೀರಿ?" ನೆರವಿನ ವರ್ಷ ಜುಲೈ 1ಕ್ಕೆ ಬದಲಾಗುತ್ತದೆ. ಬೇಸಿಗೆ ಎರಡರ ನಡುವೆ ಬೀಳುತ್ತದೆ. ಯಾವ ವರ್ಷದ ಫಾಫ್ಸಾ, ಅಂದರೆ ಫೆಡರಲ್ ನೆರವಿನ ಅರ್ಜಿ, ಬೇಕು ಅನ್ನುವುದು ಇದರ ಮೇಲೆ ನಿಂತಿದೆ.

"ಹಣ ಯಾವತ್ತು ಕೈಗೆ ಬರುತ್ತದೆ?" ಸಾಮಾನ್ಯವಾಗಿ ಕ್ಲಾಸು ಶುರುವಾಗುವುದಕ್ಕೆ 10 ದಿನ ಮೊದಲಿನವರೆಗೂ ಫೆಡರಲ್ ಹಣ ಕೊಡುವಂತಿಲ್ಲ, ಕಾಲೇಜು ಇನ್ನೂ ತಡಮಾಡಲೂಬಹುದು. ಟಿಕೆಟ್ಟನ್ನು ಎರಡು ತಿಂಗಳು ಮೊದಲೇ ತೆಗೆಯಬೇಕಲ್ಲ? ಅಲ್ಲಿಗೆ ಕೆಂಪು ಗೆರೆ.

ಹೆಜ್ಜೆ 6: ಗಿಲ್ಮನ್ ಮತ್ತು ಅದರ ಪ್ರಬಂಧಗಳು

ನ್ಯೂಯಾರ್ಕಿನ ಸಂಸದರಾಗಿದ್ದ ಬೆಂಜಮಿನ್ ಗಿಲ್ಮನ್ ಹೆಸರಿನ ಈ ಸ್ಕಾಲರ್‌ಶಿಪ್ 2000ದ ಕಾನೂನಿನಿಂದ ಹುಟ್ಟಿದ್ದು. ವಿದೇಶಾಂಗ ಇಲಾಖೆಯ ಹಣ. ಪೆಲ್ ಬರುವ, ಅಮೆರಿಕದ ಪ್ರಜೆಗಳಾದ ಪದವಿ ವಿದ್ಯಾರ್ಥಿಗಳಿಗೆ ಮಾತ್ರ, ಎರಡು ವರ್ಷದ ಕಾಲೇಜಿನವರೂ ಸೇರಿ. 5,000 ಡಾಲರ್‌ವರೆಗೆ ಸಿಗುತ್ತದೆ, ಸರ್ಕಾರ ಮುಖ್ಯವೆಂದು ಪಟ್ಟಿ ಮಾಡಿದ ಭಾಷೆ ಕಲಿಯುವವರಿಗೆ ಮೇಲೆ 3,000. ವರ್ಷಕ್ಕೆ ಎರಡು ಸುತ್ತು, ಅಕ್ಟೋಬರ್ ಮೊದಲ ಭಾಗ ಮತ್ತು ಮಾರ್ಚ್ ಮೊದಲ ಭಾಗ. ಬೇಸಿಗೆಗೆ ಹೋಗುವವರೂ ಅಕ್ಟೋಬರಿನಲ್ಲೇ ಹಾಕಲಿ. ಮಾರ್ಚಿನಲ್ಲಿ ಹಾಕಿದರೆ ಫಲಿತಾಂಶ ಬರುವಾಗ ಬೇಸಿಗೆ ಬಾಗಿಲಿಗೆ ಬಂದಿರುತ್ತದೆ, ಮುಂಗಡದ ದಿನ ಎಂದೋ ಮುಗಿದಿರುತ್ತದೆ. ಸರ್ಕಾರದ ಬಜೆಟ್ಟಿಗೆ ಕಟ್ಟುಬಿದ್ದ ಹಣವಾದ್ದರಿಂದ ಪ್ರತಿ ಸುತ್ತಿನ ನಿಯಮವನ್ನು ಹೊಸದಾಗಿ ಓದಿ. ಕಾಲೇಜಿನಲ್ಲಿ ವಿದೇಶ ಓದಿನ ಸಲಹೆಗಾರರೊಬ್ಬರು, ಫೈನಾನ್ಶಿಯಲ್ ಏಡ್‌ನವರೊಬ್ಬರು ಅರ್ಜಿಯನ್ನು ದೃಢೀಕರಿಸಬೇಕು. ಸಣ್ಣ ಕಾಲೇಜುಗಳಲ್ಲಿ ಆ ಸಲಹೆಗಾರರ ಹುದ್ದೆಯೇ ಇರುವುದಿಲ್ಲ, ಆ ಕೆಲಸವನ್ನು ಯಾರಾದರೂ ಒಬ್ಬರು ಹೊರಬೇಕು. ನೀವು ಅಲ್ಲಿ ಕೆಲಸದಲ್ಲಿದ್ದರೆ ನೀವೇ ಹೊತ್ತುಕೊಳ್ಳಿ.

ಪ್ರಬಂಧಗಳ ಬಗ್ಗೆ ಹೇಳಬೇಕು. ಮೊದಲ ಕರಡಿನಲ್ಲಿ ಎಲ್ಲರೂ "ಚಿಕ್ಕಂದಿನಿಂದ ಪ್ರಯಾಣ ಅಂದರೆ ಇಷ್ಟ" ಅಂತಲೇ ಬರೆಯುತ್ತಾರೆ. ಅಥವಾ ತಮ್ಮ ಕಷ್ಟದ ಕಥೆಯನ್ನೆಲ್ಲ ಸುರಿದು ನಿಲ್ಲಿಸುತ್ತಾರೆ. ಓದುವವರಿಗೆ ಕಷ್ಟ ಗೊತ್ತಿದೆ, ಪೆಲ್ ಬರುವವರೆಲ್ಲರದ್ದೂ ಕಷ್ಟವೇ. ಅವರು ಹುಡುಕುವುದು ಆ ದೇಶವೇ ಯಾಕೆ, ಆ ಕೋರ್ಸೇ ಯಾಕೆ, ಈಗಲೇ ಯಾಕೆ ಅನ್ನುವುದನ್ನು. ಸಂಜೆ ಡೇ ಕೇರ್‌ನಲ್ಲಿ ಎರಡು ವರ್ಷದ ಮಕ್ಕಳನ್ನು ನೋಡಿಕೊಳ್ಳುವ ಹುಡುಗಿ, ಅಲ್ಲಿ ಮಕ್ಕಳು ಜಗಳಾಡಿದಾಗ ತಾನು ಏನು ಮಾಡುತ್ತೇನೆ, ರೆಜಿಯೊ ಎಮಿಲಿಯಾದ ಶಾಲೆಯಲ್ಲಿ ಏನನ್ನು ಕಣ್ಣಾರೆ ನೋಡಬೇಕು ಅಂತ ಬರೆದರೆ ಆ ಪ್ರಬಂಧ ನಿಲ್ಲುತ್ತದೆ. ಬಾಯಿಮಾತಿನಲ್ಲಿ ಹೇಳಿಸಿ, ಫೋನಿನಲ್ಲಿ ರೆಕಾರ್ಡ್ ಮಾಡಿ, ಆಮೇಲೆ ಅದನ್ನೇ ಬರೆಯಲು ಹೇಳಿ. ಕಾಗುಣಿತ ತಿದ್ದಿ, ದನಿಯನ್ನು ತಿದ್ದಬೇಡಿ. ನೀವು ಬರೆದುಕೊಟ್ಟರಂತೂ ಅದು ಮೋಸ, ವಿದ್ಯಾರ್ಥಿಗೂ ಕೆಡುಕು.

ವಾಪಸ್ ಬಂದ ಮೇಲೆ ಮಾಡುವ ಸೇವಾ ಕೆಲಸದ ಯೋಜನೆಯನ್ನೂ ಕೇಳುತ್ತಾರೆ. "ಇನ್‌ಸ್ಟಾಗ್ರಾಮಿನಲ್ಲಿ ಹಾಕುತ್ತೇನೆ" ಅಂದರೆ ಸಾಲದು. ತಾನು ಓದಿದ ಹೈಸ್ಕೂಲಿನಲ್ಲಿ, ತಂದೆ ತಾಯಿಗಳಿಗೆ, ಸ್ಪ್ಯಾನಿಶ್ಶಿನಲ್ಲೋ ವಿಯೆಟ್ನಾಮಿಯಲ್ಲೋ ಒಂದು ಸಂಜೆ ಮಾತಾಡುತ್ತೇನೆ, ಶಾಲೆಯ ಈ ಕೌನ್ಸೆಲರ್ ಒಪ್ಪಿದ್ದಾರೆ ಅಂತ ಬರೆಯಲಿ.

ಗಿಲ್ಮನ್ ಒಂದನ್ನೇ ನೆಚ್ಚಬೇಡಿ. 2010ರಲ್ಲಿ ಶುರುವಾದ ಫಂಡ್ ಫಾರ್ ಎಜುಕೇಶನ್ ಅಬ್ರಾಡ್ ಕಮ್ಯುನಿಟಿ ಕಾಲೇಜಿನವರಿಗೆ ವಿಶೇಷ ಗಮನ ಕೊಡುತ್ತದೆ, ಗ್ರೀನ್ ಕಾರ್ಡ್ ಇರುವವರೂ ಹಾಕಬಹುದು. ಪೂರ್ವ ಮತ್ತು ಆಗ್ನೇಯ ಏಷ್ಯಾಕ್ಕೆ ಹೋಗುವವರಿಗೆ ಫ್ರೀಮನ್-ಏಷ್ಯಾ ಇದೆ. ಭಾಷೆ ಕಲಿಯಲು ಪೂರ್ತಿ ಖರ್ಚು ಕೊಡುವ ಕ್ರಿಟಿಕಲ್ ಲ್ಯಾಂಗ್ವೇಜ್ ಸ್ಕಾಲರ್‌ಶಿಪ್ಪಿಗೂ ಇವರು ಅರ್ಹರು, ಪೈಪೋಟಿ ಮಾತ್ರ ಜೋರು. ಒಂದೇ ಮೂಲ ಪ್ರಬಂಧವನ್ನು ಎಲ್ಲದಕ್ಕೂ ಸರಿಹೊಂದಿಸಿ ಬಳಸಬಹುದು.

ಹೆಜ್ಜೆ 7: ನಡುವಿನ ತಿಂಗಳುಗಳಿಗೆ ಸೇತುವೆ

ಈಗ ನಿಮ್ಮ ಹಾಳೆಯಲ್ಲಿ ಉಳಿದ ಕೆಂಪು ಗೆರೆಗಳನ್ನು ನೋಡಿ. ಹೆಚ್ಚಾಗಿ ಎರಡೇ ಇರುತ್ತವೆ, ಮುಂಗಡ ಮತ್ತು ವಿಮಾನದ ಟಿಕೆಟ್.

ಮುಂಗಡಕ್ಕೆ ಮೊದಲು ಕಾರ್ಯಕ್ರಮ ನಡೆಸುವವರನ್ನೇ ಕೇಳಿ. "ಈ ವಿದ್ಯಾರ್ಥಿಗೆ ಇಷ್ಟು ನೆರವು ಬರುವುದಿದೆ, ಈ ದಿನ ಬರುತ್ತದೆ, ಅಲ್ಲಿಯವರೆಗೆ ಕಂತು ಮುಂದೂಡಿ" ಅಂತ ಫೈನಾನ್ಶಿಯಲ್ ಏಡ್ ಕಚೇರಿಯಿಂದ ಪತ್ರ ಬರೆಸಿದರೆ ಒಪ್ಪುವವರು ಇದ್ದಾರೆ. ಕೇಳದಿದ್ದರೆ ಯಾರೂ ತಾವಾಗಿ ಕೊಡುವುದಿಲ್ಲ.

ಎರಡನೆಯದು ಕಾಲೇಜಿನ ಫೌಂಡೇಶನ್. ಅಲ್ಲಿ ಒಂದು ಸುತ್ತುನಿಧಿ ಮಾಡಿಸಿ: ಫೆಬ್ರವರಿಯಲ್ಲಿ ಮುಂಗಡಕ್ಕೆ ಬಡ್ಡಿ ಇಲ್ಲದೆ ಕೊಡುವುದು, ನೆರವು ಬಂದಾಗ ವಾಪಸ್ ಪಡೆಯುವುದು, ಮುಂದಿನ ವರ್ಷ ಇನ್ನೊಬ್ಬರಿಗೆ ಕೊಡುವುದು. ಕನ್ನಡಿಗ ದಾನಿಗಳಿಗೆ ನಾನು ಹೇಳುವುದು ಇದನ್ನೇ. ಒಬ್ಬ ವಿದ್ಯಾರ್ಥಿಗೆ ಪೂರ್ತಿ ಖರ್ಚು ಕೊಡುವುದು ಒಳ್ಳೆಯದೇ, ಆದರೆ ಅದೇ 5,000 ಡಾಲರ್ ಸುತ್ತುನಿಧಿಯಲ್ಲಿದ್ದರೆ 500 ಡಾಲರಿನ ಮುಂಗಡ ಒಂದೇ ಸಲಕ್ಕೆ ಹತ್ತು ಜನರನ್ನು ಹಿಡಿದು ನಿಲ್ಲಿಸುತ್ತದೆ, ಮತ್ತೆ ಮುಂದಿನ ವರ್ಷಕ್ಕೂ ಇರುತ್ತದೆ. ಹೆಸರು ಹೇಳಿ ಒಬ್ಬರಿಗೇ ಅಂತ ಕೊಟ್ಟ ದಾನಕ್ಕೆ ತೆರಿಗೆ ವಿನಾಯಿತಿ ಸಿಗುವುದಿಲ್ಲ. ನಿಧಿಗೆ ಕೊಡಿ, ಆಯ್ಕೆ ಫೌಂಡೇಶನ್ ಮಾಡಲಿ. ನೀವು ಕೆಲಸ ಮಾಡುವ ಕಂಪನಿ ಸಮನಾದ ದಾನ ಸೇರಿಸುವುದಾದರೆ ಆ ಫಾರ್ಮನ್ನು ಮರೆಯದೆ ತುಂಬಿ. ಎಷ್ಟೋ ಜನ ಸೋಮಾರಿತನಕ್ಕೆ ಬಿಡುತ್ತಾರೆ, ಅದು ನಿಜಕ್ಕೂ ಒಬ್ಬ ವಿದ್ಯಾರ್ಥಿಯ ಟಿಕೆಟ್ಟು.

ಹೆಜ್ಜೆ 8: ಮನೆ ಮತ್ತು ಕೆಲಸ

ದುಡ್ಡು ಹೊಂದಿದ ಮೇಲೂ ಅಮ್ಮ ಬೇಡ ಅಂದರೆ ಮುಗಿಯಿತು. ಮನೆಯವರಿಗೆ ಹೆದರಿಕೆ ಇರುತ್ತದೆ: ಹುಡುಗಿ ಒಬ್ಬಳೇ, ಗೊತ್ತಿಲ್ಲದ ದೇಶ, ಹುಷಾರಿಲ್ಲದಾದರೆ ಯಾರು? ಅಜ್ಜಿಯನ್ನು ಆಸ್ಪತ್ರೆಗೆ ಯಾರು ಕರೆದುಕೊಂಡು ಹೋಗುತ್ತಾರೆ? ನಮ್ಮ ಮನೆಗಳಲ್ಲಿ ಬೆಳೆದವರಿಗೆ ಈ ಮಾತುಗಳನ್ನು ಯಾರೂ ವಿವರಿಸಬೇಕಿಲ್ಲ. "ನೀವು ವಯಸ್ಕರು, ನಿಮ್ಮ ನಿರ್ಧಾರ" ಅನ್ನುವ ಸಲಹೆ ಇಲ್ಲಿ ನಡೆಯುವುದಿಲ್ಲ. ಮನೆಯವರನ್ನೂ ಒಂದು ಸಂಜೆ ಕಾಲೇಜಿಗೆ ಕರೆಯಿರಿ, ಅವರ ಭಾಷೆ ಬಲ್ಲವರೊಬ್ಬರು ಇರಲಿ, ಊಟ ಇರಲಿ. ಮೊದಲು ಹೋಗಿಬಂದ ವಿದ್ಯಾರ್ಥಿಯ ತಾಯಿಯೊಬ್ಬರು ಮಾತಾಡಿದರೆ ನಿಮ್ಮ ಹತ್ತು ಸ್ಲೈಡುಗಳು ಬೇಡ.

ಕೆಲಸದ ಜಾಗದಲ್ಲಿ ರಜೆಯನ್ನು ಬರಹದಲ್ಲಿ ಕೇಳಲಿ, ವಾಪಸ್ ಬರುವ ದಿನ ಅದರಲ್ಲಿರಲಿ. ಕಾಲೇಜಿನ ಲೆಟರ್‌ಹೆಡ್ಡಿನಲ್ಲಿ ಒಂದು ಪತ್ರ ಜೊತೆಗಿದ್ದರೆ ಮ್ಯಾನೇಜರ್ ಒಪ್ಪುವ ಸಾಧ್ಯತೆ ಹೆಚ್ಚು.

ಹೆಜ್ಜೆ 9: ಹೊರಡುವ ಮೊದಲು, ಅಲ್ಲಿದ್ದಾಗ

ಎಸ್‌ಎಸ್‌ಐ (ಬಡ ಅಂಗವಿಕಲರಿಗೆ, ವೃದ್ಧರಿಗೆ ಫೆಡರಲ್ ಸರ್ಕಾರ ಕೊಡುವ ಮಾಸಿಕ ಹಣ) ಪಡೆಯುವವರು 30 ದಿನ ಅಥವಾ ಹೆಚ್ಚು ದೇಶದ ಹೊರಗಿದ್ದರೆ ಆ ಹಣ ನಿಲ್ಲುತ್ತದೆ. ಓದಿಗೆ ಹೋಗುವವರಿಗೆ ಕೆಲವು ಷರತ್ತಿನ ಮೇಲೆ ವಿನಾಯಿತಿ ಇದೆ, ಹೊರಡುವ ಮೊದಲೇ ಸೋಶಿಯಲ್ ಸೆಕ್ಯುರಿಟಿ ಕಚೇರಿಯಲ್ಲಿ ಮಾತಾಡಿ. ಆಹಾರದ ನೆರವು, ಮನೆಯ ನೆರವು ಪಡೆಯುವವರೂ ಹಾಗೆಯೇ ಕೇಳಿಕೊಳ್ಳಲಿ. ಅಂಗವಿಕಲ ವಿದ್ಯಾರ್ಥಿಗಳಿಗೆ ಆರೆಗನ್ನಿನ ಮೊಬಿಲಿಟಿ ಇಂಟರ್‌ನ್ಯಾಶನಲ್ ಯುಎಸ್‌ಎ ಸಂಸ್ಥೆಯ ಸಲಹೆ ಬಹಳ ಉಪಯೋಗ. ದಿನವೂ ಔಷಧಿ ತಗೊಳ್ಳುವವರು ಅದು ಆ ದೇಶದಲ್ಲಿ ಕಾನೂನುಬದ್ಧವೇ ಅಂತ ನೋಡಲಿ. ಡೆಬಿಟ್ ಕಾರ್ಡ್ ಹೊರದೇಶದಲ್ಲಿ ನಡೆಯುತ್ತದಾ ಅಂತ ಬ್ಯಾಂಕಿಗೆ ಕೇಳಲಿ.

ಅರ್ಧದಲ್ಲಿ ವಾಪಸ್ ಬರುವ ಮಾತು ಬಂದರೆ ತಕ್ಷಣ ಫೋನ್ ಮಾಡಲು ಹೇಳಿ. ಸೆಮಿಸ್ಟರಿನ ಶೇಕಡ 60 ಮುಗಿಯುವ ಮೊದಲು ಓದು ಬಿಟ್ಟರೆ ಫೆಡರಲ್ ನೆರವಿನ ಒಂದು ಪಾಲು ಹಿಂದಿರುಗಿಸಬೇಕಾಗುತ್ತದೆ, ಬಡವರಿಗೆ ಆ ಸಾಲ ಮುಂದಿನ ಓದನ್ನೇ ನಿಲ್ಲಿಸುತ್ತದೆ. ಎರಡನೇ ವಾರದಲ್ಲಿ ಮನೆ ನೆನಪಾಗಿ ಅಳು ಬರುವುದು ಸಹಜ. ಆ ವಾರ ನೀವೇ ಒಂದು ಸಲ ಫೋನ್ ಮಾಡಿ.

ಯಾರಾದರೂ ಭಾರತಕ್ಕೆ ಹೋಗುವುದಾದರೆ ನಮ್ಮ ಕೆಲಸ ಸುಲಭ. ಅಮೆರಿಕನ್ ಇನ್‌ಸ್ಟಿಟ್ಯೂಟ್ ಆಫ್ ಇಂಡಿಯನ್ ಸ್ಟಡೀಸ್ ಸಂಸ್ಥೆ ಮೈಸೂರಿನಲ್ಲಿ ಕನ್ನಡವನ್ನೂ ಕಲಿಸುತ್ತ ಬಂದಿದೆ. ಬೆಂಗಳೂರಿಗೋ ಮೈಸೂರಿಗೋ ಹೋಗುವ ವಿದ್ಯಾರ್ಥಿಗೆ ಅಲ್ಲಿರುವ ನಿಮ್ಮ ಅಕ್ಕನ ಮನೆಯ ನಂಬರ್, ಹತ್ತಿರದ ಡಾಕ್ಟರ ಹೆಸರು, ರಾತ್ರಿ ಯಾವ ಹೊತ್ತಿಗಾದರೂ ಫೋನ್ ಎತ್ತುವ ಒಬ್ಬರು, ಇಷ್ಟನ್ನು ಕೊಡಿ.

ಹೆಜ್ಜೆ 10: ವಾಪಸ್ ಬಂದ ಮೇಲೆ

ಬೇರೆ ಸಂಸ್ಥೆಯ ಕಾರ್ಯಕ್ರಮವಾದರೆ ಅಂಕಪಟ್ಟಿ ತಾನಾಗಿ ಬರುತ್ತದೆ ಅಂತ ಕೂರಬೇಡಿ, ಬೆನ್ನು ಹತ್ತಿ ತರಿಸಿ. ಅದು ತಡವಾದರೆ ವಿದ್ಯಾರ್ಥಿ ಓದಿನಲ್ಲಿ ಹಿಂದೆ ಬಿದ್ದಂತೆ ಕಂಪ್ಯೂಟರಿನಲ್ಲಿ ಕಾಣುತ್ತದೆ, ಮುಂದಿನ ನೆರವು ನಿಲ್ಲುತ್ತದೆ. ತೆರಿಗೆಯ ಬಗ್ಗೆಯೂ ಹೇಳಿ: ಶುಲ್ಕಕ್ಕೆ, ಕಡ್ಡಾಯ ಪುಸ್ತಕಕ್ಕೆ ಹೋದ ಸ್ಕಾಲರ್‌ಶಿಪ್ಪಿಗೆ ತೆರಿಗೆ ಇಲ್ಲ, ವಿಮಾನಕ್ಕೆ ಮತ್ತು ಊಟ ವಸತಿಗೆ ಬಳಸಿದ್ದು ಆದಾಯ ಅಂತ ಲೆಕ್ಕಕ್ಕೆ ಬರುತ್ತದೆ. ರಸೀದಿಗಳನ್ನು ಇಟ್ಟುಕೊಂಡಿರಲಿ.

ಗಿಲ್ಮನ್ ಸೇವಾ ಕೆಲಸವನ್ನು ಬೇಗ ಮುಗಿಸಿಸಿ. ಹಾಗೇ ಅವರ ಖರ್ಚಿನ ಹಾಳೆಯನ್ನು ಕೇಳಿ ಪಡೆಯಿರಿ, ಅಂದಾಜು ಮಾಡಿದ್ದರ ಪಕ್ಕ ನಿಜವಾಗಿ ಆದದ್ದನ್ನು ಅವರ ಕೈಯಲ್ಲೇ ಬರೆಸಿ. ಹೆಸರು ತೆಗೆದು ಆ ಹಾಳೆಯನ್ನು ಇಒಪಿಎಸ್ ಕಚೇರಿಯಲ್ಲಿ ಇಡಿ. ಅಕ್ಟೋಬರ್ ಸುತ್ತಿಗೆ ಆಗಸ್ಟ್ ಕೊನೆಯಲ್ಲೇ ಹೊಸಬರನ್ನು ಕರೆಯಬೇಕು, ಆ ಮೊದಲ ಸಭೆಯಲ್ಲಿ ಹೋಗಿಬಂದವರೇ ಆ ಹಾಳೆ ಹಿಡಿದು ಮಾತಾಡಲಿ, ನೀವು ಪಾಸ್‌ಪೋರ್ಟ್ ಫಾರ್ಮುಗಳನ್ನು ಹಂಚಿ.